ಇದ್ಯಾವುದೂ ಅಲ್ಲ

"ಊಟ ಬೇಕು" ಎಂದಿತು ಪಾಲಾಕ್ಷನ ದನಿ.

ಪಾಲಾಕ್ಷ ಮಾತ್ರ ತುಟಿಪಿಟಕ್ ಅನ್ನದೆ ನಡುಮನೆಯ ಬಾಗಿಲಲ್ಲಿ ನಿಂತಿದ್ದ. ಮಾತಾಡಿದ್ದು ಮಂಚದ ಪಕ್ಕದ ಮೇಜಿನ ಮೇಲಿದ್ದ ಕಂಪ್ಯೂಟರು. ಅದನ್ನು ಮಾತಾಡಿಸಿದ್ದು ಮಂಚದ ಮೇಲೆ ಮಲಗಿದ್ದ ಅವನ ಅಣ್ಣ ಗೌರೀಶಂಕರ, ಊರಿಗೆಲ್ಲ ಗೌರಣ್ಣ. ಆಗಿನ್ನೂ ಅವನಿಗೆ ಅನ್ನ ತಿನ್ನಿಸಿ, ಬಾಯಿ ಒರೆಸಿ, ಹೆಂಡತಿ ರೇವಮ್ಮ ಒಳಗೆ ಹೋಗಿದ್ದಳು. ತಟ್ಟೆ ತೊಳೆದ ಅವಳ ಕೈ ಕೂಡ ಆರಿರಲಿಲ್ಲ.

"ನೋಡ್ದಾ ಅಂಸವ್ವ, ಕಣ್ಣಾರೆ ನೋಡ್ದಾ?" ಎಂದ ಪಾಲಾಕ್ಷ. "ಈಗ ಉಂಡ, ಈಗ್ಲೇ ಮತ್ತೆ ಊಟ ಅಂತಾವ್ನೆ. ಅದೂ ನನ್ ಗಂಟ್ಲಲ್ಲಿ! ಈ ಪಾಲಾಕ್ಸ ಅರಕಲಗೂಡ್ನಲ್ಲಿ ಹಿಟ್ಟಿನ ಗಿರಣಿ ಮಡಗಿದ್ರೂ ಅತ್ಗೆ ಮನೇಲಿ ಬಂದು ಅನ್ನ ಅನ್ನ ಅಂತ ಬಡ್ಕಂತಾನೆ ಅಂತ ಬೀದಿ ಜನ ನಗಾಡ್ತಾವ್ರೆ."

ಹಂಸಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಕಂಪ್ಯೂಟರನ್ನು ಹಾಸನದಿಂದ ತಂದು ಇಟ್ಟವಳು ಅವಳೇ, ಅದಕ್ಕೆ ಮಾತು ಕಲಿಸಿದವಳೂ ಅವಳೇ. ಪಾಲಾಕ್ಷನ ದನಿ ಅಣ್ಣನ ದನಿಯನ್ನೇ ಹೋಲುತ್ತದೆ ಅಂತ ಅವನನ್ನು ಮೈಕಿನ ಮುಂದೆ ಕೂರಿಸಿ ಒಂದೊಂದೇ ಮಾತು ಹೇಳಿಸಿ ತುಂಬಿಸಿದ್ದಳು. ಎಷ್ಟು ಹಿಗ್ಗಿದ್ದಳು ಆವತ್ತು! ಈಗ ನೋಡಿದರೆ ಮಾಡಿದ ಉಪಕಾರವೇ ಉರುಳಾಗಿ ಕೂತಿತ್ತು.

ಹಿಂದಿನ ವಾರ ಹೀಗೇ ಆಗಿತ್ತು. ಉಂಡ ಮೇಲೂ ಊಟ ಬೇಕು ಅಂತ ಕೇಳಿದ ಗಂಡನಿಗೆ ಇಲ್ಲ ಅನ್ನಲು ರೇವಮ್ಮನಿಗೆ ಬಾಯಿ ಬರಲಿಲ್ಲ. ಇನ್ನೆರಡು ತುತ್ತು ಇಟ್ಟಳು. ಅದು ನೆತ್ತಿಗೆ ಹತ್ತಿ, ಉಸಿರು ಸಿಕ್ಕಿ, ಮುಖ ಕಪ್ಪಿಟ್ಟು, ಹಾಸನಕ್ಕೆ ಹೊತ್ತುಕೊಂಡು ಓಡಿದ್ದರು. ಡಾಕ್ಟರು ಬದುಕಿಸಿ ಕಳಿಸಿದರು. ಕಳಿಸುವಾಗ ಒಂದು ಮಾತು ಹೇಳಿದರು: "ಹಸಿವು ಯಾವುದು, ಹೊಟ್ಟೆ ತುಂಬಿದ್ದು ಯಾವುದು ಅನ್ನೋ ಅರಿವೇ ಹೋಗಿದ್ದರೆ ಬಾಯಿಗೆ ಏನೂ ಕೊಡಬೇಡಿ. ಮೂಗಲ್ಲಿ ನಳಿಗೆ ಹಾಕಿಬಿಡೋಣ. ಮಂಗಳವಾರ ಕರಕೊಂಡು ಬನ್ನಿ."

ಇವತ್ತು ಭಾನುವಾರ. ಪಾಲಾಕ್ಷ ತೀರ್ಮಾನ ಮಾಡಿಯಾಗಿತ್ತು. ಮಂಗಳವಾರ ನಳಿಗೆ. ಕಂಪ್ಯೂಟರು ವಾಪಸು.

"ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣವ್ವ," ಎಂದ ಅವನು, ದನಿ ಇಳಿಸಿ. "ಒಳ್ಳೇದಕ್ಕೇ ಮಾಡ್ದೆ. ಆದ್ರೆ ಅಣ್ಣನ ತಲೆ ಈಗ ಮೊದ್ಲಿನಂಗಿಲ್ಲ. ಒಪ್ಕಬುಡು."

ಒಪ್ಪಿಕೊಳ್ಳುವುದು ಅಷ್ಟು ಸುಲಭವೇ? ಹೊಳೆನರಸೀಪುರದಲ್ಲಿ ಮೈಕ್ ಗೌರಣ್ಣನನ್ನು ಅರಿಯದವರು ಯಾರಿದ್ದರು ಹೇಳಿ! ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಕೂತು ಅವನು "ಚನ್ನರಾಯಪಟ್ಟಣದ ಗಾಡಿ ಹೊರಡ್ತಾ ಇದೆ, ಹತ್ತುವವರು ಹತ್ತಬೇಕು, ಸುಮ್ಮನೆ ನಿಂತವರು ದಾರಿ ಬಿಡಬೇಕು" ಅಂದರೆ ಅದು ಪೇಟೆಬೀದಿ ದಾಟಿ ದೇವಸ್ಥಾನದ ಬೀದಿವರೆಗೂ ಕೇಳಿಸುತ್ತಿತ್ತು. ಹಂಸ ಹಾಸನದ ಪಾಲಿಟೆಕ್ನಿಕ್ಕಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಓದಿದವಳು. ಅಪ್ಪ ಇಲ್ಲದ ಮನೆ. ಸಂಜೆ ಬಸ್ಸು ತಡವಾದರೆ ಅವಳ ತಾಯಿ ಅಂಬುಜಮ್ಮನಿಗೆ ಒಳಗೂ ನಿಲ್ಲಲಾಗದು, ಹೊರಗೂ ನಿಲ್ಲಲಾಗದು. ಇದು ಹೇಗೋ ಗೌರಣ್ಣನ ಕಿವಿಗೆ ಬಿದ್ದಿತ್ತು. ಅಂದಿನಿಂದ ಸಂಜೆಯ ಬಸ್ಸು ಬಂದ ಕೂಡಲೇ ಮೈಕಿನಲ್ಲಿ, "ಹಾಸನದ ಗಾಡಿ ಬಂದಿದೆ" ಎಂದು ಹೇಳಿ, ಒಂದು ಗಳಿಗೆ ಬಿಟ್ಟು, "ಎಲ್ಲರೂ ಸುಖವಾಗಿ ಇಳಿದಿದ್ದಾರೆ" ಅಂತಲೂ ಸೇರಿಸುತ್ತಿದ್ದ. ಆ ಎರಡನೇ ಮಾತು ಯಾವ ಕಾನೂನಿನಲ್ಲೂ ಇರಲಿಲ್ಲ. ಅದು ಅಂಬುಜಮ್ಮನಿಗೆ. ಅದನ್ನು ಕೇಳಿಸಿಕೊಂಡು ಅಮ್ಮ ಒಲೆಯ ಮೇಲೆ ಸಾರಿಗೆ ಇಡುತ್ತಿದ್ದಳು. ಹಂಸ ಮನೆ ತಲುಪುವ ಹೊತ್ತಿಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಓದು ಮುಗಿಯುವವರೆಗೂ ಒಂದು ಸಂಜೆಯೂ ಅವನು ಮರೆಯಲಿಲ್ಲ. ಹಂಸ ಒಂದು ಸಲವೂ ಅವನಿಗೆ ಉಪಕಾರವಾಯಿತು ಅಂತ ಹೇಳಲಿಲ್ಲ. ಹೇಳುವ ರೂಢಿ ಯಾರಿಗಿದೆ ನಮ್ಮಲ್ಲಿ? ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತೇವೆ, ಅಷ್ಟೇ.

ಅಂಥ ಗೌರಣ್ಣನಿಗೆ ಆ ವರ್ಷದ ಶಿವರಾತ್ರಿಯ ಮಾರನೇ ಬೆಳಿಗ್ಗೆ ಲಕ್ವ ಹೊಡೆಯಿತು. ತೊಂಬತ್ತೊಂಬತ್ತನೇ ಇಸವಿ. ಬಲಗಡೆ ಪೂರ್ತಿ ಹೋಯಿತು, ಎಡಗಡೆಯೂ ಸೋತಿತು. ನಾಲಿಗೆ ಕಟ್ಟಿತು. ತಲೆ ತಾನಾಗಿಯೇ ಅಲ್ಲಾಡುತ್ತಿದ್ದರಿಂದ ಹೌದು ಅಂತಿದ್ದಾನೋ ಅಲ್ಲ ಅಂತಿದ್ದಾನೋ ತಿಳಿಯದು. ಎಡಗೈಯ ಹೆಬ್ಬೆರಳೊಂದು ಮಾತ್ರ ಅವನ ಮಾತು ಕೇಳುತ್ತಿತ್ತು.

ಹೆಬ್ಬೆರಳು ಇದೆಯಲ್ಲ, ಸಾಕು ಅಂದುಕೊಂಡಳು ಹಂಸ. ಅವಳೀಗ ಹಾಸನದಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿ ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ತಂದಳು. ಮೌಸಿನ ಬದಲು ಮನೆಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ಲಿನ ಗುಂಡಿ ಜೋಡಿಸಿ ಗೌರಣ್ಣನ ಹೆಬ್ಬೆರಳಿನ ಕೆಳಗೆ ಕಟ್ಟಿದಳು. ಪರದೆಯ ಮೇಲೆ ನಾಲ್ಕೈದು ಚೌಕ: ನೀರು, ಊಟ, ನೋವು, ಫ್ಯಾನು, ಮಗ್ಗುಲು. ಬೆಳಕು ಒಂದೊಂದರ ಮೇಲೂ ತಾನಾಗೇ ನಿಂತು ನಿಂತು ಮುಂದೆ ಹೋಗುತ್ತಿತ್ತು. ಬೇಕಾದ್ದರ ಮೇಲೆ ಬಂದಾಗ ಒತ್ತಿದರೆ ಆಯಿತು. ಊಟ ಒತ್ತಿದರೆ ಇನ್ನೊಂದು ಪರದೆ: ಅನ್ನ, ಅಂಬಲಿ, ಮಜ್ಜಿಗೆ, ಸಾಕು.

ಇಂಥದ್ದನ್ನು ಕಟ್ಟುವ ವಿದ್ಯೆಗೆ ಸ್ಟೇಟ್ ಮೆಷೀನ್ ಅಂತಾರೆ. ಕ್ಲಾಸಿನಲ್ಲಿ ಹಂಸ ಅದನ್ನು ಬಸ್ಸು ಹತ್ತಿಸಿ ಹೇಳಿಕೊಡುತ್ತಿದ್ದಳು. "ಬೋರ್ಡಿನ ಮೇಲೆ ಒಂದು ಸೊನ್ನೆ ಸುತ್ತಿದರೆ ಅದು ಒಂದು ಊರು. ಒಂದು ಬಾಣ ಎಳೆದರೆ ಅದು ಒಂದು ಬಸ್ಸು. ಹೊಳೆನರಸೀಪುರದಲ್ಲಿ ನಿಂತಿದ್ದೀರಿ ಅನ್ನಿ. ಹಾಸನದ ಬಸ್ಸು ಹತ್ತಿದರೆ ಹಾಸನ, ಅರಕಲಗೂಡಿನದು ಹತ್ತಿದರೆ ಅರಕಲಗೂಡು. ನೀವು ಎಲ್ಲಿಂದ ಬಂದವರು, ಯಾಕೆ ಬಂದವರು ಅಂತ ಬಸ್ಸು ಕೇಳೋದಿಲ್ಲ. ಈಗ ಎಲ್ಲಿದ್ದೀರಿ, ಯಾವುದನ್ನು ಹತ್ತಿದಿರಿ, ಅಷ್ಟೇ ಅದಕ್ಕೆ ಬೇಕು. ಕಂಪ್ಯೂಟರಿನ ಪರದೆಯೂ ಹಾಗೇ. ಒಂದೊಂದು ಪರದೆ ಒಂದೊಂದು ಊರು, ಒಂದೊಂದು ಗುಂಡಿ ಒಂದೊಂದು ಬಸ್ಸು. ಯಾವ ಊರು ಕಟ್ಟಿದರೂ ಅಲ್ಲಿ ನೀವೇ ಹೋಗಿ ನಿಂತು ನೋಡಬೇಕು. ಇಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು? ತಪ್ಪಿ ಬಂದವನು ವಾಪಸು ಹೋಗೋದು ಹೇಗೆ? ಬಸ್ಸೇ ಇಲ್ಲದ ಊರು ಕಟ್ಟಿದಿರೋ, ಬಂದವನು ಅಲ್ಲೇ ಕೊಳೀತಾನೆ."

ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದಳು. "ಪರದೆ ಮುಂದೆ ಕೂತವನು ಏನೂ ಒತ್ತದೆ ಸುಮ್ಮನಿದ್ದರೆ? ಸುಮ್ಮನಿರೋದೂ ಒಂದು ಬಸ್ಸೇ ಕಣ್ರೋ. ಅದು ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಹೇಳಿಟ್ಟಿರಬೇಕು."

ಗೌರಣ್ಣನ ಯಂತ್ರಕ್ಕೂ ಅವಳು ಅದನ್ನು ಹೇಳಿಟ್ಟಿದ್ದಳು. ಹೇಳಿಟ್ಟಿದ್ದೇ ಎಡವಟ್ಟಾಗಿತ್ತು, ಆದರೆ ಅದು ಅವಳಿಗಿನ್ನೂ ಗೊತ್ತಿರಲಿಲ್ಲ. ಎಲೆಯ ಮುಂದೆ ಸುಮ್ಮನೆ ಕೂತವರಿಗೆ ಕೇಳದೆ ಬಡಿಸು ಅಂತ ಅಂಬುಜಮ್ಮ ಬೆಳೆಸಿದ ಮಗಳು ಅವಳು. ಬೇಕು ಅಂತ ಬಾಯಿಬಿಟ್ಟು ಕೇಳಲು ಯಾರಿಗಾದರೂ ಸಂಕೋಚ, ಬಡಿಸುವವರೇ ತಿಳಿದುಕೊಳ್ಳಬೇಕು. ಅದಕ್ಕೇ ಊಟದ ಪರದೆಗೆ ಬಂದು ಗೌರಣ್ಣ ಏನೂ ಒತ್ತದೆ ಬಿಟ್ಟರೆ, ಪಾಪ ಬೆರಳು ಸೋತಿರಬೇಕು, ಹಸಿದು ಮಲಗುವುದು ಬೇಡ ಅಂತ ಯಂತ್ರ ತಾನೇ "ಊಟ ಬೇಕು" ಅನ್ನುವ ಹಾಗೆ ಮಾಡಿದ್ದಳು. ಬೇರೆ ಯಾವ ಸೀಮೆಯ ಹುಡುಗಿಯಾಗಿದ್ದರೂ ಸುಮ್ಮನಿದ್ದವನನ್ನು ಸುಮ್ಮನೆ ಬಿಡುತ್ತಿದ್ದಳೋ ಏನೋ. ನಮ್ಮ ಕಡೆಯವರಿಗೆ ಅದೊಂದು ಬರುವುದಿಲ್ಲ.

"ಪಾಲಾಕ್ಷಣ್ಣ, ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಮಾತಾಡಬೇಡಿ," ಎಂದಳು ಹಂಸ. ಗೌರಣ್ಣನ ಪಕ್ಕ ಸ್ಟೂಲು ಎಳೆದು ಕೂತು, "ಇನ್ನೊಂದು ಸಲ ಹೇಳಿ ಗೌರಣ್ಣ, ನಾನು ನೋಡ್ತೀನಿ," ಎಂದಳು.

ಬೆಳಕು ನೀರಿನ ಮೇಲೆ ಬಂತು. ಹೆಬ್ಬೆರಳು ಅಲ್ಲಾಡಲಿಲ್ಲ. ಊಟದ ಮೇಲೆ ಬಂದದ್ದೇ ಟಕ್ಕನೆ ಒತ್ತಿತು. ಪರದೆ ಬದಲಾಯಿತು. ಅನ್ನ. ಬೆರಳು ಸುಮ್ಮನಿತ್ತು. ಅಂಬಲಿ. ಸುಮ್ಮನೆ. ಮಜ್ಜಿಗೆ, ಸಾಕು, ಮತ್ತೆ ಅನ್ನ. ಒಂದಕ್ಕೂ ಒತ್ತಲಿಲ್ಲ. ಹಂಸ ಪರದೆ ಬಿಟ್ಟು ಗೌರಣ್ಣನ ಮುಖ ನೋಡಿದಳು. ಅವನ ಕಣ್ಣು ಪರದೆಯ ಮೇಲೆ ಇರಲೇ ಇಲ್ಲ. ಅಡಿಗೆಮನೆಯ ಬಾಗಿಲ ಮೇಲಿತ್ತು.

"ಊಟ ಬೇಕು" ಎಂದಿತು ಯಂತ್ರ. ಗೌರಣ್ಣ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನ ಕೊನೆಯಿಂದ ಒಂದು ಹನಿ ಕಿವಿಯ ಕಡೆಗೆ ಇಳಿಯಿತು.

ಹಂಸ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ತಲೆ ಕೆಟ್ಟವನು ಸಿಕ್ಕಿದ್ದಕ್ಕೆಲ್ಲ ಒತ್ತುತ್ತಾನೆ. ಇವನು ಊಟಕ್ಕೇ ಗುರಿಯಿಟ್ಟು ಒತ್ತುತ್ತಾನೆ, ಆಮೇಲೆ ಅಲ್ಲಿರುವ ಒಂದನ್ನೂ ಮುಟ್ಟುವುದಿಲ್ಲ. ಬಸ್ ಸ್ಟ್ಯಾಂಡಿಗೆ ಬಂದವನು ಹಾಸನದ ಬಸ್ಸು ಬಿಟ್ಟ, ಅರಕಲಗೂಡಿನದು ಬಿಟ್ಟ, ಚನ್ನರಾಯಪಟ್ಟಣದ್ದೂ ಬಿಟ್ಟ ಅಂದರೆ ಅವನಿಗೆ ಹುಚ್ಚು ಅನ್ನುತ್ತೇವೆಯೇ? ಅವನ ಊರಿನ ಬಸ್ಸು ಇಲ್ಲಿಂದ ಇಲ್ಲ ಅಂತ ತಾನೇ ಅರ್ಥ!

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಹಣೆ ಬಡಿದುಕೊಂಡಳು. "ಅವರು ಊಟ ಕೇಳ್ತಾನೇ ಇಲ್ಲ ಪಾಲಾಕ್ಷಣ್ಣ. ಕೇಳ್ತಿರೋಳು ನಾನು! ಅವರು ಸುಮ್ಮನಿದ್ದರೆ ಕೇಳು ಅಂತ ನಾನೇ ಅದಕ್ಕೆ ಹೇಳಿಟ್ಟಿದ್ದೀನಿ. ಅವರು ಹೇಳಬೇಕು ಅಂತಿರೋದು ಇದರೊಳಗೆ ಇಲ್ಲವೇ ಇಲ್ಲ."

"ಮತ್ತೆ ಏನಂತಾವ್ನೆ?"

"ಅದು ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕೂ ಒಂದು ಗುಂಡಿ ಇಡಬೇಕಿತ್ತು, ಇಡಲಿಲ್ಲ. ಬನ್ನಿ, ಮೈಕು ಹಿಡ್ಕೊಳ್ಳಿ. 'ಇದ್ಯಾವುದೂ ಅಲ್ಲ' ಅನ್ನಿ."

ಪಾಲಾಕ್ಷ ಗೊಣಗಿದ. ನಾಡಿದ್ದು ಕಟ್ಟಿಕೊಂಡು ಹೋಗುವ ಪೆಟ್ಟಿಗೆಗೆ ಇನ್ನೂ ಯಾಕೆ ಮಾತು ತುಂಬುವುದು ಅಂದ. ಅಂದರೂ ಮೈಕು ಹಿಡಿದು ಹೇಳಿದ. ಹಂಸ ಎರಡು ಕೆಲಸ ಮಾಡಿದಳು. ಎಲ್ಲ ಪರದೆಗೂ ಕೊನೆಯಲ್ಲಿ "ಇದ್ಯಾವುದೂ ಅಲ್ಲ" ಅನ್ನುವ ಚೌಕ ಸೇರಿಸಿದಳು. ಸುಮ್ಮನಿದ್ದರೆ ಯಂತ್ರವೂ ಸುಮ್ಮನೆ ಮೊದಲ ಪರದೆಗೆ ಹೋಗಲಿ, ಬಾಯಿ ಬಿಡದಿರಲಿ ಅಂತ ತಿದ್ದಿದಳು. ನಡುವೆ ಒಂದು ಸಲ ಕರೆಂಟು ಹೋಗಿ ಮಾಡಿದ್ದೆಲ್ಲ ಅಳಿಸಿ, ಮತ್ತೆ ಮೊದಲಿನಿಂದ ಮಾಡುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು.

"ಈಗ ಹೇಳಿ ಗೌರಣ್ಣ."

ಊಟ. ಟಕ್. ಅನ್ನ ಹೋಯಿತು, ಅಂಬಲಿ ಹೋಯಿತು, ಮಜ್ಜಿಗೆ ಹೋಯಿತು, ಸಾಕು ಕೂಡ ಹೋಯಿತು. ಹೆಬ್ಬೆರಳು ಒತ್ತಿತು.

"ಇದ್ಯಾವುದೂ ಅಲ್ಲ" ಎಂದಿತು ಪಾಲಾಕ್ಷನ ದನಿ.

"ಕೈ ಜಾರಿ ಒತ್ತಿರ್ತಾನೆ" ಎಂದ ಪಾಲಾಕ್ಷ. ಅವನ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

ಗೌರಣ್ಣನಿಗೆ ಅದು ಕೇಳಿಸಿತು. ಮತ್ತೆ ಊಟ, ಮತ್ತೆ "ಇದ್ಯಾವುದೂ ಅಲ್ಲ". ಇನ್ನೂ ಅನುಮಾನವೇ ಅನ್ನುವ ಹಾಗೆ ಮತ್ತೊಂದು ಸಲ "ಇದ್ಯಾವುದೂ ಅಲ್ಲ". ಪಾಲಾಕ್ಷ ಮಂಚದ ಕಾಲ್ದೆಸೆಗೆ ಬಂದು ನೆಲದ ಮೇಲೆ ಕೂತ. ಗಿರಣಿ ನಡೆಸುವ ಗಂಡಸು, ಚಿಕ್ಕ ಹುಡುಗನ ಹಾಗೆ ಅಣ್ಣನ ಕಾಲು ಹಿಡಿದುಕೊಂಡು ಅತ್ತ.

"ನೀನ್ ನೆಟ್ಟಗಿದ್ದೀಯ ಕಣಣ್ಣ. ನಾನೇ ಮಂಕ. ಮೂಗಿಗೆ ನಳಿಗೆ ಆಕ್ಸಕ್ಕೆ ಒಂಟಿದ್ನಲ್ಲ! ಡಾಕ್ಟ್ರ ತಾವ ನಾನೇ ಮಾತಾಡ್ತೀನಿ, ಯಾವ್ ನಳಿಗೇನೂ ಬ್ಯಾಡ."

ನಳಿಗೆಯ ಗಂಡಾಂತರ ಅಲ್ಲಿಗೆ ಕಳೆಯಿತು. ಆದರೆ ಹಂಸಳಿಗೆ ಸಮಾಧಾನವಿಲ್ಲ. ಮನುಷ್ಯ ಇಷ್ಟು ದಿನ ಒಂದೇ ಮಾತಿಗೆ ಹೆಣಗಿದ್ದಾನೆ ಅಂದರೆ ಅದೇನು ಮಾತು? ಅವನ ಕಣ್ಣು ಅಡಿಗೆಮನೆಯ ಬಾಗಿಲಿಗೆ ಯಾಕೆ ಹೋಗುತ್ತದೆ? ಅವಳೂ ಆ ಕಡೆ ನೋಡಿದಳು. ಬಾಗಿಲಲ್ಲಿ ರೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಾ ನಿಂತಿದ್ದಳು. ಬೆಳಗಿನಿಂದ ಮನೆಯೊಳಗೇ ಓಡಾಡುತ್ತಿದ್ದವಳನ್ನು ಹಂಸ ಸರಿಯಾಗಿ ನೋಡಿರಲೇ ಇಲ್ಲ. ರವಿಕೆಯ ತೋಳು ಜೋತುಬಿದ್ದಿತ್ತು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಅಯ್ಯೋ ಶಿವನೆ, ಎಷ್ಟು ಇಳಿದುಹೋಗಿದ್ದಾಳೆ ಈಕೆ!

ಹಂಸ ಎದ್ದು ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಕಿತ್ತು ಹಿಂಬದಿಯಲ್ಲಿ ಸೊನ್ನೆ ಸುತ್ತಲು ಕೂತಳು. ಮೊದಲು ಕಟ್ಟಿದ ಯಂತ್ರದಲ್ಲಿ ಎಲ್ಲ ದಾರಿಯೂ ಗೌರಣ್ಣನಲ್ಲೇ ಮುಗಿಯುತ್ತಿತ್ತು. ಅವನಿಗೆ ನೀರು, ಅವನಿಗೆ ಊಟ, ಅವನ ನೋವು. ಕಾಯಿಲೆಯವನಿಗೆ ಬೇಕು ಅನ್ನುವುದು ಬಿಟ್ಟು ಬೇರೆ ಮಾತೇ ಇರುವುದಿಲ್ಲ ಅಂದುಕೊಂಡಿದ್ದಳಲ್ಲ! ಊರಿಗೆಲ್ಲ ಯಾರು ಇಳಿದರು, ಯಾರು ಹತ್ತಿದರು ಅಂತ ವಿಚಾರಿಸಿಕೊಂಡು ಬದುಕಿದವನು ಅವನು. ಈ ಸಲ ಮೂರು ಪರದೆ ಮಾಡಿದಳು. ಮೊದಲನೆಯದು ಯಾರು: ನಾನು, ರೇವಕ್ಕ, ಪಾಲಾಕ್ಷ. ಎರಡನೆಯದು ಏನು: ಊಟ, ನೀರು, ನಿದ್ದೆ, ನೋವು. ಮೂರನೆಯದು ಹೇಗೆ: ಬೇಕು, ಸಾಕು, ಆಯ್ತಾ. ಕೊನೆಗೆ ಎಲ್ಲದರಲ್ಲೂ ಇದ್ಯಾವುದೂ ಅಲ್ಲ. ಚೌಕಗಳು ಅಷ್ಟೇನೂ ಹೆಚ್ಚಲಿಲ್ಲ, ದಾರಿಗಳು ಹೆಚ್ಚಿದವು.

ಮಾರನೇ ದಿನ ಕ್ಲಾಸಿಗೆ ರಜಾ ಹಾಕಿ ಬೆಳಿಗ್ಗೆಯೇ ಬಂದು ಕೂತಳು. ಅರಕಲಗೂಡಿಗೆ ಹೋಗದೆ ಉಳಿದಿದ್ದ ಪಾಲಾಕ್ಷನನ್ನು ಮತ್ತೆ ಮೈಕಿನ ಮುಂದೆ ಕೂರಿಸಿದಳು. ಬೇಕು, ಸಾಕು, ಆಯ್ತಾ ಎಲ್ಲವನ್ನೂ ಅವನು ಚೆನ್ನಾಗಿಯೇ ಹೇಳಿದ. "ಈಗ ರೇವ ಅನ್ನಿ" ಅಂದದ್ದೇ ತಡ, ಚೇಳು ಕುಟುಕಿದವನ ಹಾಗೆ ಎದ್ದು ನಿಂತ.

"ಅತ್ಗೆ ಹೆಸ್ರು ಹಿಡ್ದು ಕರೆಯಾದಾ? ತಾಯಿ ಸಮಾನ ಕಣವ್ವ! ನನ್ ನಾಲ್ಗೆ ಬಿದ್ದೋಗ್ಲಿ!"

"ಸರಿ, ಗೌರಣ್ಣ ಹೇಗೆ ಕರೀತಿದ್ರು?"

ಪಾಲಾಕ್ಷ ನೆನಪು ಮಾಡಿಕೊಂಡ. ಅಣ್ಣನೂ ಯಾವತ್ತೂ ಹೆಸರು ಹಿಡಿದು ಕರೆದವನಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಒಂದು ಕೂಗು ಹಾಕುತ್ತಿದ್ದ, ಅಷ್ಟೇ. ಅದನ್ನಾದರೆ ಹೇಳಬಹುದು, ಅದು ಹೆಸರಲ್ಲವಲ್ಲ. ಪಾಲಾಕ್ಷ ಕಣ್ಣು ಮುಚ್ಚಿಕೊಂಡು, ಅಣ್ಣನ ಗತ್ತಿನಲ್ಲೇ ಕರೆದ.

"ಏಯ್ ಇವ್ಳೇ!"

"ಆ, ಬಂದೇ ರೀ!" ಅಂತ ಒಳಗಿನಿಂದ ಉತ್ತರ ಬಂತು.

ರೇವಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದು ಮಂಚದ ಮುಂದೆ ನಿಂತಳು. ಗೌರಣ್ಣ ಅವಳನ್ನೇ ನೋಡುತ್ತಿದ್ದ. ಪಾಲಾಕ್ಷ ಮೈಕು ಕೆಳಗಿಟ್ಟು ತಲೆ ತಗ್ಗಿಸಿದ. ಕರೆದದ್ದು ಯಾರು ಅಂತ ತಿಳಿದ ಮೇಲೂ ರೇವಮ್ಮ ಕದಲಲಿಲ್ಲ. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಓಗ್ಲಿ ಬುಡು ಪಾಲಾಕ್ಸ," ಎಂದಳು ಕೊನೆಗೆ. "ಒಂದ್ ಗಳಿಗೆ ಆದ್ರೂ ಕಿವಿ ತಣ್ಣಗಾಯ್ತು."

ಹಂಸ ಗುಂಡಿಯನ್ನು ಮತ್ತೆ ಹೆಬ್ಬೆರಳಿಗೆ ಕಟ್ಟಿ, ಪರದೆಯನ್ನು ಗೌರಣ್ಣನಿಗೆ ಕಾಣುವಂತೆ ತಿರುಗಿಸಿದಳು. ಮೂರು ಪರದೆಯನ್ನೂ ಒಂದೊಂದಾಗಿ ತೋರಿಸಿ ವಿವರಿಸಿದಳು. ಅವನು ಕಣ್ಣು ಮಿಟುಕಿಸದೆ ನೋಡಿದ. ಅವಳು ಪೂರ್ತಿ ಹೇಳಿ ಮುಗಿಸಲೂ ಬಿಡಲಿಲ್ಲ. ಬೆರಳು ಆಗಲೇ ಒತ್ತಿಯಾಗಿತ್ತು.

"ಏಯ್ ಇವ್ಳೇ," ಎಂದಿತು ಯಂತ್ರ. ಸ್ವಲ್ಪ ತಡೆದು, "ಊಟ." ಮತ್ತೆ ತಡೆದು, "ಆಯ್ತಾ?"

ಅಡಿಗೆಮನೆಗೆ ಹೊರಟಿದ್ದ ರೇವಮ್ಮ ತಿರುಗಿಯೂ ನೋಡದೆ, "ಊಂ, ಆಯ್ತು" ಅಂದಳು. ಮದುವೆಯಾದಾಗಿನಿಂದ ಕೊಟ್ಟ ಉತ್ತರ ಅದು, ತಾನಾಗೇ ಬಂತು. ಆಮೇಲೆ ಹೊಸಿಲ ಮೇಲೆ ನಿಂತುಬಿಟ್ಟಳು.

"ಏಯ್ ಇವ್ಳೇ. ಊಟ. ಆಯ್ತಾ?"

"ಆಯ್ತು ಅಂದ್ನಲ್ರೀ."

"ಏಯ್ ಇವ್ಳೇ. ಊಟ. ಆಯ್ತಾ?" ಈ ಸಲ ಹೆಬ್ಬೆರಳು ಗುಂಡಿಯನ್ನು ಎಷ್ಟು ಗಟ್ಟಿಯಾಗಿ ಒತ್ತಿತೆಂದರೆ ಉಗುರು ಬೆಳ್ಳಗಾಯಿತು.

ರೇವಮ್ಮನ ಕೈಲಿ ಇನ್ನು ಸುಳ್ಳು ಹೇಳಲಾಗಲಿಲ್ಲ. ಹೊಸಿಲ ಮೇಲೆಯೇ ಕೂತಳು.

"ಇಲ್ಲ," ಎಂದಳು. "ಆಗಿಲ್ಲ. ಸಿವರಾತ್ರಿಯಿಂದ ಆಗಿಲ್ಲ. ನಿಮ್ ಮಾತು ಕೇಳೋಗಂಟ ಬೇಯ್ಸಿದ್ದು ಬಾಯಿಗಿಕ್ಕಲ್ಲ ಅಂತ ಸಿದ್ದೇಸ್ವರಂಗೆ ಅರಕೆ ಕಟ್ಕಂಡಿವ್ನಿ. ಒಂದ್ ಇಡಿ ಅವಲಕ್ಕಿ, ಒಂದ್ ಲೋಟ ಆಲು, ಅಷ್ಟೇ. ಅರಕೆ ಅಂದ್ರೆ ಬಾಯ್ಬಿಟ್ಟು ಏಳ್ಬಾರ್ದು. ಏಳಿದ್ರೆ ಪಲ ಸಿಕ್ಕಲ್ಲ. ಈಗ ಏಳಿಸ್ಬುಟ್ರಲ್ರೀ!"

ಮಂಚದಿಂದ ನೋಡಿದರೆ ಅಡಿಗೆಮನೆಯ ತೊಟ್ಟಿ ಕಾಣುತ್ತಿತ್ತು. ಶಿವರಾತ್ರಿಯಿಂದ ಆಷಾಢದವರೆಗೂ, ಪಾಲಾಕ್ಷ ಬಂದ ದಿನ ಬಿಟ್ಟರೆ, ಆ ಮನೆಯಲ್ಲಿ ಹೊತ್ತು ಹೊತ್ತಿಗೂ ಒಂದೇ ತಟ್ಟೆ ತೊಳೆಯುವುದನ್ನು ಗೌರಣ್ಣ ಮಲಗಿದಲ್ಲಿಂದಲೇ ನೋಡುತ್ತಿದ್ದ. ಹೆಂಡತಿ ಕಣ್ಣೆದುರಿಗೇ ಕರಗುತ್ತಿದ್ದಾಳೆ, ಕೇಳಲು ನಾಲಿಗೆಯಿಲ್ಲ. ಹಂಸ ಕೊಟ್ಟ ಯಂತ್ರದಲ್ಲಿ ಊಟ ಅನ್ನುವ ಒಂದು ಪದವಾದರೂ ಸಿಕ್ಕಿತಲ್ಲ ಅಂತ ಅದನ್ನೇ ಹಿಡಿದು ಜಗ್ಗಿದ್ದ. ಜಗ್ಗಿದಾಗಲೆಲ್ಲ ಅವನ ಬಾಯಿಗೇ ಅನ್ನ ಬಂದು ಬಿದ್ದಿತ್ತು.

"ಅತ್ಗೆ, ಅರಕೆ ತೀರ್ತಲ್ಲ!" ಎಂದ ಪಾಲಾಕ್ಷ. "ಮಾತು ಬಂತಲ್ಲ ಅಣ್ಣಂಗೆ. ಏಳು, ಉಣ್ಣು."

"ಅದು ನಿನ್ ದನಿ ಕಣಪ್ಪ."

"ದನಿ ನಂದು. ಆದ್ರೆ ನಾನು ಯಾವತ್ತಾದ್ರೂ ನಿನ್ನ ಉಂಡ್ಯಾ ಅಂತ ಕೇಳಿವ್ನಾ? ಇಷ್ಟ್ ದಿನದಿಂದ ಬಂದು ನಾನೇ ಉಂಡ್ಕಂಡು ಓಗ್ತಿದ್ದೆ, ನಂಗೆ ಅದು ತೋಚ್ಲೇ ಇಲ್ಲ!"

ರೇವಮ್ಮ ಹಂಸಳನ್ನು ನೋಡಿದಳು. ಯಂತ್ರ ಹೇಗೆ ಮಾತಾಡುತ್ತದೆ ಅಂತ ಬೇಕಾದರೆ ಹಂಸ ಹೇಳಬಲ್ಲಳು. ಅದು ಯಾರ ಮಾತು, ದೇವರ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ, ಅದು ಹರಕೆ ಹೊತ್ತವಳಿಗೆ ಬಿಟ್ಟದ್ದು. ರೇವಮ್ಮ ಗಂಡನ ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸಿದ್ದೇಸ್ವರ ಕಿವುಡ ಅಲ್ಲ, ಅವ್ನಿಗೆ ಗೊತ್ತಾಯ್ತದೆ ಯಾರ್ ಮಾತು ಅಂತ" ಎಂದು ಎದ್ದಳು.

ಹಂಸಳ ತಲೆ ಸವರಿ, "ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವ. ಸಾಯೋಗಂಟ ಮರೆಯಲ್ಲ" ಎಂದಳು. ಹಂಸಳಿಗೆ ನಾಚಿಕೆಯಾಯಿತು. ಈ ಉಪಕಾರ ತನ್ನದೆಲ್ಲಿ? ತಾನು ಕಟ್ಟಿದ್ದು ತಪ್ಪು ಯಂತ್ರ. ಅದು ತಪ್ಪು ಅಂತ ಬೈಯಲೂ ಬಾರದ ಮನುಷ್ಯ, ಬೇಸರ ಮಾಡಿಕೊಳ್ಳದೆ, ದಿನಾ ಅದರೊಂದಿಗೆ ಹೆಣಗಿದ, ಬೇಡದ್ದನ್ನೆಲ್ಲ ಬಿಟ್ಟು ಬಿಟ್ಟು, ಇವಳಿಗೆ ಯಾವತ್ತಾದರೂ ತಿಳಿದೀತು ಅಂತ ಕಾದ. ಯಾರು ಕಾಯುತ್ತಾರೆ ಹಾಗೆ? ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು, "ಗೌರಣ್ಣ, ನೀವು ನನಗೆ ಮಾಡಿದ್ದು ದೊಡ್ಡದು. ಆಗಲೂ, ಈಗಲೂ," ಎಂದಳು. ಅಷ್ಟು ವರ್ಷ ಹೊಟ್ಟೆಯೊಳಗಿದ್ದ ಮಾತು ಕೊನೆಗೂ ಬಾಯಿಗೆ ಬಂತು.

ರೇವಮ್ಮ ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಬಂದಳು. ಎಂದೂ ಗಂಡನೆದುರು ಕೂತು ಉಂಡವಳಲ್ಲ ಆಕೆ. ಅವನು ಉಂಡ ಮೇಲೆ ಒಲೆಯ ಹತ್ತಿರ ಗೋಡೆ ಕಡೆ ತಿರುಗಿ ಉಣ್ಣುವುದೇ ರೂಢಿ. ಇವತ್ತು ಮಂಚದ ಎದುರಿಗೆ ಮಣೆ ಹಾಕಿಕೊಂಡು, ಅವನಿಗೆ ಕಾಣುವ ಹಾಗೆ ಕೂತಳು. ಮೊದಲ ತುತ್ತನ್ನು ಸಾರಿನಲ್ಲಿ ಅದ್ದಿ ಮೆಲ್ಲಗೆ ನುಂಗಿದಳು. ಆಮೇಲೆ ಹಸಿವು ತನ್ನ ಕೆಲಸ ತಾನು ಮಾಡಿತು. ಗಬಗಬನೆ ಉಂಡಳು, ನಾಚದೆ ಉಂಡಳು. ಗೌರಣ್ಣ ಒಂದೊಂದು ತುತ್ತನ್ನೂ ನೋಡಿದ.

ತಟ್ಟೆ ಬರಿದಾಗುವ ಹೊತ್ತಿಗೆ ಯಂತ್ರ ಮಾತಾಡಿತು.

"ಏಯ್ ಇವ್ಳೇ. ಊಟ. ಬೇಕು."

ರೇವಮ್ಮ ಗಡಬಡಿಸಿ, ಎಂಜಲು ಕೈಯಲ್ಲೇ ಏಳಲು ಹೋದಳು. "ಅಸಿವಾಯ್ತಾ ರೀ? ತಾಳಿ, ಅನ್ನ ಕಲಸ್ಕಂಡ್ ಬತ್ತೀನಿ."

"ಕುಂತ್ಕೋ ಅತ್ಗೆ," ಎಂದ ಪಾಲಾಕ್ಷ. "ಅವನಿಗಲ್ಲ, ನಿಂಗೆ. ಇನ್ನೊಂದ್ ಮುದ್ದೆ ನಿಂಗೆ ಇಕ್ಕಬೇಕಂತೆ."

ಹಂಸ ಬರೆದ ಹಾಳೆಯಲ್ಲಿ ಆ ದಾರಿಯನ್ನು ಅವಳು ಯೋಚಿಸಿಯೇ ಇರಲಿಲ್ಲ. ಯಾರು, ಏನು, ಹೇಗೆ ಅಂತ ಮೂರು ಸೊನ್ನೆ ಸುತ್ತಿದ್ದಳು, ಅಷ್ಟೇ. ಗೌರಣ್ಣ ಅದರಲ್ಲಿ ತನ್ನ ಹೆಂಡತಿಗೆ ಬಡಿಸುವ ದಾರಿ ಹುಡುಕಿಕೊಂಡಿದ್ದ.

ಹುಟ್ಟಿದಾಗಿನಿಂದ ಯಾರಿಗೂ ಒಂದು ಸೌಟು ಬಡಿಸಿ ಗೊತ್ತಿಲ್ಲದ ಪಾಲಾಕ್ಷ ಅಡಿಗೆಮನೆಗೆ ಹೋದ. ಪಾತ್ರೆ ಬಿದ್ದ ಸದ್ದಾಯಿತು. ಮುದ್ದೆಯನ್ನು ಬರಿಗೈಯಲ್ಲೇ ಹಿಡಿದು "ಉಸ್ಸ್" ಅನ್ನುತ್ತಾ ತಂದು ಅತ್ತಿಗೆಯ ತಟ್ಟೆಗೆ ಹಾಕಿದ, ಸಾರು ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ರೇವಮ್ಮ ಅಳುತ್ತಾ, ನಗುತ್ತಾ, ಗಂಡನ ಮುಖ ನೋಡುತ್ತಾ ಅದನ್ನೂ ಉಂಡಳು.